ಗೊತ್ತು, ಗುರುತು, ಪರಿಚಯ: ಇಂಗ್ಲಿಷಿನ ಒಂದು ಕ್ರಿಯಾಪದಕ್ಕೆ ಕನ್ನಡದ ದಾರಿ

(ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಇವತ್ತು ನಾನು ಮಾತಿಗೆ ಎತ್ತಿಕೊಂಡಿರುವುದು ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದ: ‘ಗೆಟ್ ಟು ನೋ’. ಒಬ್ಬ ವ್ಯಕ್ತಿಯೋ ಒಂದು ಊರೋ ಒಂದು ಕೆಲಸವೋ ನಮಗೆ ಪರಿಚಯವಾಗುತ್ತ ಹೋಗುವುದನ್ನು ಆ ಭಾಷೆ ಹೀಗೆ ಹೇಳುತ್ತದೆ. ಒಂದು ಸಂಜೆಯ ಉಪನ್ಯಾಸಕ್ಕೆ ಇಷ್ಟು ಚಿಕ್ಕ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಇಂಗ್ಲಿಷಿನ ಭಯಕ್ಕೆ ಬಾಯಿ ಕಟ್ಟಿಹೋದ ಮಕ್ಕಳನ್ನು ತರಗತಿಯಲ್ಲಿ ಕಂಡವರಿಗೆ ಗೊತ್ತು, ಅವರು ಎಡವುವುದು ದೊಡ್ಡ ಪದಗಳಲ್ಲಿ ಅಲ್ಲ. ‘ನೋ’, ‘ಗೆಟ್’, ‘ಕಮ್’, ‘ಮೀಟ್’, ಇಂಥ ಸಣ್ಣ ಪದಗಳಲ್ಲಿ. ಇವುಗಳ ಅರ್ಥ ಚಿಕ್ಕ ತರಗತಿಯಲ್ಲೇ ಬಂದಾಯಿತು ಎಂದುಕೊಂಡು ಆಮೇಲೆ ಯಾರೂ ಅವುಗಳ ತಂಟೆಗೆ ಹೋಗುವುದಿಲ್ಲ. ನನ್ನ ವಾದ ಇಷ್ಟು: ಈ ಕ್ರಿಯಾಪದವನ್ನು ಸರಿಯಾಗಿ ಬಳಸಲು ಬೇಕಾದ ವಿವೇಕವೆಲ್ಲ ಕನ್ನಡ ಮಾತಾಡುವ ಮಗುವಿನ ಬಾಯಲ್ಲಿ ಆಗಲೇ ಇದೆ. ನಾವು ಅದನ್ನು ಕೇಳಿಸಿಕೊಳ್ಳದೆ, ಒಂದು ಇಂಗ್ಲಿಷ್ ಪದದ ಎದುರು ಒಂದೇ ಕನ್ನಡ ಪದ ಬರೆಸಿ, ಇರುವ ವಿವೇಕವನ್ನೂ ಮಸುಕು ಮಾಡುತ್ತಿದ್ದೇವೆ.

ಮೊದಲು ‘ನೋ’ ಎಂಬುದನ್ನು ನೋಡೋಣ. ಇಲ್ಲ ಎನ್ನುವ ನೋ ಅಲ್ಲ. ಬರೆಯುವಾಗ ಮುಂದೊಂದು ‘ಕೆ’ ಇಟ್ಟು, ಓದುವಾಗ ಅದನ್ನು ಬಿಟ್ಟುಬಿಡುವ ನೋ. ಆ ಕಕಾರ ಒಂದು ಕಾಲಕ್ಕೆ ನಿಜವಾಗಿಯೂ ಕೇಳಿಸುತ್ತಿತ್ತು. 17ನೆಯ ಶತಮಾನದ ಸುಮಾರಿಗೆ ಇಂಗ್ಲಿಷರ ಬಾಯಿಂದ ಬಿದ್ದುಹೋಗಿ ಕಾಗದದ ಮೇಲೆ ಮಾತ್ರ ಉಳಿಯಿತು. ಉಳಿದದ್ದು ನಮಗೆ ಉಪಕಾರವೇ ಆಯಿತು. ಏಕೆಂದರೆ ಈ ಕ್ರಿಯಾಪದದ ನಂಟನ್ನು ಹೇಳುವುದು ಆ ಅಕ್ಷರ. ಸಂಸ್ಕೃತದ ‘ಜ್ಞಾ’ ಧಾತುವಿಗೂ ಇಂಗ್ಲಿಷಿನ ‘ನೋ’ಗೂ ಮೂಲ ಒಂದೇ. ಲ್ಯಾಟಿನ್ನಿನಿಂದ ಬಂದ ‘ಕಾಗ್ನಿಷನ್’, ಗ್ರೀಕಿನಿಂದ ಬಂದು ನಮ್ಮ ವೈದ್ಯರ ಬಾಯಲ್ಲಿ ನೆಲೆಸಿರುವ ‘ಡಯಾಗ್ನೋಸಿಸ್’ ಕೂಡ ಅದೇ ಕುಲದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹೊರಟಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದ್ದು ಭಾಷಾವಿಜ್ಞಾನಕ್ಕೆ ದಾರಿ ತೆರೆದ ಮಾತು. ಹಾಗಾಗಿ ‘ನೋ’ ಎಂಬುದನ್ನು ಬೋರ್ಡಿನ ಮೇಲೆ ಬರೆಯುವ ಶಿಕ್ಷಕರು ಅದರ ಪಕ್ಕದಲ್ಲಿ ‘ಜ್ಞಾನ’ ಎಂದು ಬರೆದರೆ ತಪ್ಪೇನೂ ಇಲ್ಲ. ಬಾಯಿಗೆ ಬಾರದ ಆ ಕಕಾರ ಯಾಕಿದೆ ಎಂದು ಕೇಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ತಿಳಿಯುವುದಕ್ಕೆ ಒಂದೇ ಕ್ರಿಯಾಪದ ಇರಲಿಲ್ಲ. ಸಂಗತಿಯನ್ನು ತಿಳಿಯುವುದಕ್ಕೆ ‘ವಿಟನ್’ ಇತ್ತು. ನಮ್ಮ ‘ವಿದ್’ ಧಾತು, ಅಂದರೆ ವಿದ್ಯೆ ವೇದಗಳ ಧಾತು, ಅದರ ಸಹೋದರ. ಕಂಡು ಗುರುತಿಸುವುದಕ್ಕೆ ‘ಕ್ನಾವನ್’ ಇತ್ತು. ಇವತ್ತಿನ ‘ನೋ’ ಆಗಿರುವುದು ಅದು. ಜರ್ಮನ್ನರು ಈಗಲೂ ‘ವಿಸ್ಸೆನ್’, ‘ಕೆನ್ನೆನ್’ ಎಂದು, ಫ್ರೆಂಚರು ‘ಸವ್ವಾರ್’, ‘ಕೊನೆತ್ರ್’ ಎಂದು ಈ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ. ಇಂಗ್ಲಿಷ್ ಮಾತ್ರ ಮೊದಲನೆಯದನ್ನು ಬಿಟ್ಟುಕೊಟ್ಟು, ಎರಡರ ಹೊರೆಯನ್ನೂ ‘ನೋ’ ತಲೆಗೆ ಹೊರಿಸಿತು. ಮಗ್ಗಿಯೂ ‘ನೋ’, ಮನುಷ್ಯನೂ ‘ನೋ’. ನಮ್ಮ ಮಕ್ಕಳ ತೊಡಕು ಇಲ್ಲಿಂದ ಶುರುವಾಗುತ್ತದೆ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ‘ನೋ’ ಕುಲದ ಇನ್ನೊಂದು ಹಳೆಯ ಕ್ರಿಯಾಪದ ‘ಕುನ್ನನ್’. ತಿಳಿದಿರುವುದು ಎಂದು ಅದರ ಅರ್ಥ. ಇವತ್ತು ಅದು ‘ಕ್ಯಾನ್’ ಆಗಿದೆ, ಮಾಡಬಲ್ಲೆ ಎಂಬರ್ಥದಲ್ಲಿ. ಈಗ ಕನ್ನಡದ ‘ಬಲ್ಲೆ’ಯನ್ನು ನೆನೆಯಿರಿ. ‘ಅವರನ್ನು ಬಲ್ಲೆ’ ಎಂದರೆ ಪರಿಚಯ. ‘ಓದಬಲ್ಲೆ’ ಎಂದರೆ ಶಕ್ತಿ. ತಿಳಿವಳಿಕೆಗೂ ಸಾಮರ್ಥ್ಯಕ್ಕೂ ಒಂದೇ ಕ್ರಿಯಾಪದ. ಕನ್ನಡಕ್ಕೂ ಇಂಗ್ಲಿಷಿಗೂ ವಂಶದ ಸಂಬಂಧವಿಲ್ಲ. ಆದರೂ ಎರಡು ಭಾಷೆಗಳೂ ಒಂದೇ ಕಡೆ ಬಂದು ನಿಂತಿವೆ. ಇಂಥದ್ದನ್ನು ಕಂಡಾಗ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಪರಭಾಷೆ ಎಂಬ ಅಂಜಿಕೆ ಅರ್ಧ ಕಡಿಮೆಯಾಗುವುದು ಇಂಥ ಹೊತ್ತಿನಲ್ಲೇ.

ಪರಿಚಯಕ್ಕೆ ಇಂಗ್ಲಿಷಿನಲ್ಲಿ ‘ಅಕ್ವೇಂಟ್’ ಎಂಬ ಇನ್ನೊಂದು ಕ್ರಿಯಾಪದ ಇದೆ. ಲ್ಯಾಟಿನ್ನಿನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಮೂಲದಲ್ಲಿ ಅದೂ ‘ಜ್ಞಾ’ ಕುಲದ್ದೇ. ಇವತ್ತು ಅದು ಹೆಚ್ಚಾಗಿ ಕಚೇರಿಯ ಕಾಗದಗಳಲ್ಲೂ ಸ್ವಲ್ಪ ಬಿಗಿಯಾದ ಮಾತಿನಲ್ಲೂ ಕಾಣುತ್ತದೆ. ನಿಯಮಗಳನ್ನು ತಿಳಿದುಕೊಳ್ಳಿ ಎನ್ನುವ ಸುತ್ತೋಲೆಗೆ ಅದು ಸರಿ; ಹೊಸದಾಗಿ ಬಂದ ನೆರೆಮನೆಯವರ ವಿಷಯಕ್ಕೆ ‘ಗೆಟ್ ಟು ನೋ’ ಸರಿ. ಅದರ ಹೆಸರುಪದ ‘ಅಕ್ವೇಂಟೆನ್ಸ್’ ಎಂದರೆ ಸ್ನೇಹದ ಮಟ್ಟಕ್ಕೆ ಹೋಗದ ಪರಿಚಯದವರು, ನಮ್ಮ ‘ಗುರುತಿನವರು’. ಇದೇ ಕುಲದಲ್ಲಿ ಹುಟ್ಟಿ ದೂರ ಹೋದ ಒಂದು ಪದ ‘ಅನ್‌ಕೂತ್’. ಮೊದಲಿಗೆ ಅದರ ಅರ್ಥ ‘ಪರಿಚಯವಿಲ್ಲದ’ ಎಂದಷ್ಟೇ. ಕಾಲ ಕಳೆದಂತೆ ‘ಒರಟ, ನಯವಿಲ್ಲದವ’ ಎಂದಾಯಿತು. ಗೊತ್ತಿಲ್ಲದವನನ್ನು ಒರಟನೆಂದು ತೀರ್ಮಾನಿಸುವುದು ಮನುಷ್ಯರ ಹಳೆಯ ದೌರ್ಬಲ್ಯ. ಕನ್ನಡದ ಮಾತು ಇಲ್ಲಿ ಹೆಚ್ಚು ಮೆದು. ‘ಯಾರೋ ಹೊಸಬರು ಬಂದಿದ್ದಾರೆ’ ಎನ್ನುತ್ತೇವೆ. ಹೊಸಬರು ಎಂದ ಮೇಲೆ ನಾಳೆ ಹಳಬರಾಗುವ ಅವಕಾಶವನ್ನೂ ಕೊಟ್ಟಂತೆಯೇ.

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ. ಕನ್ನಡದಲ್ಲಿ ತಿಳಿ, ಅರಿ, ಬಲ್ಲೆ, ಗೊತ್ತು, ಗುರುತು, ಪರಿಚಯ, ಪಳಗು, ಬಳಕೆ, ಒಡನಾಟ ಎಂದು ಪದಗಳು ಸಾಲುಗಟ್ಟಿವೆ. ಎಲ್ಲವನ್ನೂ ವಿವರಿಸಲು ಹೋಗುವುದಿಲ್ಲ. ‘ಗೊತ್ತು’ ಒಂದನ್ನು ಬಿಡಿಸಿ ನೋಡೋಣ. ಅದು ಮೂಲದಲ್ಲಿ ಹೆಸರುಪದ. ‘ಗೊತ್ತು ಗುರಿ ಇಲ್ಲದೆ ಅಲೆದ’ ಎನ್ನುವಾಗ ಅದು ಒಂದು ನೆಲೆ. ‘ಮದುವೆಗೆ ದಿನ ಗೊತ್ತು ಮಾಡಿದರು’ ಎನ್ನುವಾಗ ನಿಗದಿಯಾಗಿರುವುದು. ಅಂದರೆ ‘ನನಗೆ ಗೊತ್ತು’ ಎನ್ನುವವನು, ಆ ಸಂಗತಿ ನನ್ನಲ್ಲಿ ಒಂದು ಕಡೆ ನಿಂತಿದೆ ಎಂದು ಹೇಳುತ್ತಿದ್ದಾನೆ. ಅದು ನಿಂತ ಸ್ಥಿತಿ, ನಡೆಯುತ್ತಿರುವ ಕೆಲಸವಲ್ಲ. ಇಂಗ್ಲಿಷಿನ ‘ನೋ’ ಕೂಡ ಹಾಗೆಯೇ. ‘ಐ ಆಮ್ ನೋಯಿಂಗ್ ಹಿಮ್’ ಎನ್ನಬಾರದೆಂದು ಎಲ್ಲ ವ್ಯಾಕರಣ ಪುಸ್ತಕಗಳೂ ಹೇಳುತ್ತವೆ; ಕಾರಣ ಹೇಳುವವು ಕಡಿಮೆ. ಮಗುವನ್ನು ಕೇಳಿ ನೋಡಿ: ‘ನನಗೆ ಗೊತ್ತಿರುತ್ತಾ ಇದೆ’ ಎನ್ನುತ್ತೀಯಾ? ಇಲ್ಲ ಎಂದು ತಲೆಯಾಡಿಸುತ್ತದೆ. ‘ಮೈಸೂರು ಈಗೀಗ ಪರಿಚಯವಾಗುತ್ತಾ ಇದೆ’ ಎನ್ನಬಹುದಾ? ಓಹೋ, ಎನ್ನಬಹುದು. ಅಲ್ಲಿಗೆ ಅರ್ಧ ಪಾಠ ಮುಗಿಯಿತು. ‘ಐ ಆಮ್ ಗೆಟಿಂಗ್ ಟು ನೋ ಮೈಸೂರ್’ ಎಂಬುದು ಶುದ್ಧವಾದ ಇಂಗ್ಲಿಷ್, ಅದೇ ಕಾರಣಕ್ಕೆ.

ಈಗ ನನ್ನ ಮಾತಿನ ಮುಖ್ಯ ಭಾಗ. ‘ಗೊತ್ತು’ ಎಂಬ ನಿಂತ ಸ್ಥಿತಿಯನ್ನು ಹೇಳುವಾಗ ಕನ್ನಡ ಸಂಗತಿಗೂ ವ್ಯಕ್ತಿಗೂ ಭೇದ ಮಾಡುವುದಿಲ್ಲ. ‘ನನಗೆ ದಾರಿ ಗೊತ್ತು’, ‘ನನಗೆ ಅವರು ಗೊತ್ತು’, ಎರಡೂ ಸಲ್ಲುತ್ತವೆ. ಇಂಗ್ಲಿಷಿನಲ್ಲೂ ‘ನೋ’ ಎರಡಕ್ಕೂ ಸಲ್ಲುತ್ತದೆ. ಆದರೆ ಗೊತ್ತಿಲ್ಲದ ಸ್ಥಿತಿಯಿಂದ ಗೊತ್ತಿರುವ ಸ್ಥಿತಿಗೆ ದಾಟುವುದನ್ನು ಹೇಳಿ ನೋಡಿ. ‘ನಿನ್ನೆ ಸುದ್ದಿ ಗೊತ್ತಾಯಿತು’ ಎನ್ನುತ್ತೇವೆ. ‘ನಿನ್ನೆ ಅವರು ಗೊತ್ತಾದರು’ ಎನ್ನುತ್ತೇವೆಯೇ? ಮೈಸೂರಿನ ಯಾವ ಬೀದಿಯಲ್ಲೂ ಸಾಧಾರಣವಾಗಿ ಹಾಗೆ ಕೇಳಿಬರುವುದಿಲ್ಲ. ‘ಅವರು ಪರಿಚಯವಾದರು’ ಎನ್ನುತ್ತೇವೆ. ಅವರು ಯಾರೆಂದು ಗೊತ್ತಾಗಬಹುದು, ಎಂಥವರೆಂದು ಗೊತ್ತಾಗಬಹುದು, ಅವೆಲ್ಲ ಸಂಗತಿಗಳು. ಅವರು ಮಾತ್ರ ಪರಿಚಯವಾಗಬೇಕು. ಸ್ಥಿತಿಯಲ್ಲಿ ಒಂದಾಗಿದ್ದ ಪದ, ದಾಟುವಾಗ ಎರಡಾಗಿ ಒಡೆಯುತ್ತದೆ.

ಇಂಗ್ಲಿಷ್ ಕೂಡ ಸರಿಯಾಗಿ ಇದೇ ಜಾಗದಲ್ಲಿ ಒಡೆಯುತ್ತದೆ. ಸಂಗತಿ ಗೊತ್ತಾದರೆ ‘ಫೈಂಡ್ ಔಟ್’, ‘ಹಿಯರ್’, ‘ಲರ್ನ್’. ವ್ಯಕ್ತಿ ಪರಿಚಯವಾದರೆ ‘ಗೆಟ್ ಟು ನೋ’. ಈ ಸಾಮ್ಯವನ್ನು ಯಾವ ಮಗುವಿಗೂ ನಾವು ಹೇಳಿಕೊಡುವುದಿಲ್ಲ. ‘ನೋ ಅಂದರೆ ಗೊತ್ತು’ ಎಂದು ಬರೆಸುತ್ತೇವೆ. ಮಗು ಬುದ್ಧಿವಂತಿಕೆಯಿಂದಲೇ ಲೆಕ್ಕ ಹಾಕುತ್ತದೆ: ಗೊತ್ತು ಎಂದರೆ ‘ನೋ’ ಆದರೆ, ಗೊತ್ತಾಯಿತು ಎಂದರೆ ‘ಕೇಮ್ ಟು ನೋ’. ಹೀಗೆ ನಮ್ಮ ರಜೆ ಅರ್ಜಿಗಳಲ್ಲಿ, ಕಚೇರಿಯ ಪತ್ರಗಳಲ್ಲಿ, ಫೋನಿನ ಮಾತಿನಲ್ಲಿ ‘ಐ ಕೇಮ್ ಟು ನೋ ದಟ್’ ಎಂಬುದು ತುಂಬಿಕೊಂಡಿದೆ. ನಿನ್ನೆ ಸಂಜೆ ಐದಕ್ಕೆ ಕಚೇರಿ ಮುಚ್ಚಿದೆ ಎಂಬ ಸಂಗತಿಗೂ ‘ಕೇಮ್ ಟು ನೋ’. ಇದು ವ್ಯಾಕರಣದ ತಪ್ಪಲ್ಲ. ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಬಳಕೆ. ನಮ್ಮ ನಮ್ಮ ನಡುವೆ ಅರ್ಥಕ್ಕೆ ಕೊರತೆಯಿಲ್ಲ. ಆದರೆ ಬೇರೆ ಕಡೆಯ ಇಂಗ್ಲಿಷಿನಲ್ಲಿ ‘ಕೇಮ್ ಟು ನೋ’ ಎಂದರೆ ದಿನಗಳು, ತಿಂಗಳುಗಳು ಹಿಡಿದ ಒಂದು ನಿಧಾನದ ಬದಲಾವಣೆ. ಒಬ್ಬರನ್ನು ವರ್ಷಗಟ್ಟಲೆ ಒಡನಾಡಿ ಅರಿತಾಗ ಹೇಳುವ ಮಾತು. ಒಂದು ಕ್ಷಣದಲ್ಲಿ ಕಿವಿಗೆ ಬಿದ್ದ ಸುದ್ದಿಗೆ ಅದನ್ನು ಹಚ್ಚಿದರೆ ಕೇಳುವವರಿಗೆ ಹೊಂದಿಕೆ ಸಿಗುವುದಿಲ್ಲ. ನಮ್ಮ ಹುಡುಗರು ಎರಡು ಬಗೆಯನ್ನೂ ತಿಳಿದಿರಲಿ, ಎಲ್ಲಿ ಯಾವುದು ಸಲ್ಲುತ್ತದೆಂದು ಆರಿಸಿಕೊಳ್ಳಲಿ ಎಂಬುದು ನನ್ನ ನಿಲುವು. ನಾಚಿಕೆಪಟ್ಟುಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.

ಕಾಲದ ವಿಷಯದಲ್ಲೂ ಒಂದು ಮಾತು. ‘ಹತ್ತು ವರ್ಷದಿಂದ ಅವರು ನನಗೆ ಗೊತ್ತು’ ಎನ್ನುವ ಕನ್ನಡ, ಇವತ್ತು ಗೊತ್ತಿರುವುದನ್ನೇ ಮುಖ್ಯ ಮಾಡಿ ವರ್ತಮಾನದಲ್ಲಿ ನಿಲ್ಲುತ್ತದೆ. ಅದನ್ನೇ ‘ಐ ನೋ ಹಿಮ್ ಸಿನ್ಸ್ ಟೆನ್ ಇಯರ್ಸ್’ ಎಂದು ಇಂಗ್ಲಿಷಿಗೆ ಇಳಿಸುತ್ತಾರೆ. ಇಂಗ್ಲಿಷಿಗೆ ಬೇಕಾದದ್ದು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ಆರಂಭದಿಂದ ಇವತ್ತಿನವರೆಗಿನ ಉದ್ದವನ್ನೆಲ್ಲ ಆ ಭಾಷೆ ಕ್ರಿಯಾಪದದೊಳಗೇ ತುಂಬುತ್ತದೆ. ಕನ್ನಡ ಅದನ್ನು ‘ಇಂದ’ ಎಂಬ ವಿಭಕ್ತಿಗೆ ಬಿಟ್ಟುಕೊಟ್ಟಿದೆ. ಹೀಗೆ ಎರಡನ್ನೂ ಎದುರುಬದುರು ಇಟ್ಟು ತೋರಿಸಿದರೆ ಸಾಕು, ಮತ್ತೆ ಮತ್ತೆ ಕೆಂಪು ಶಾಯಿ ಬಳಿಯುವ ಅಗತ್ಯವಿಲ್ಲ. ‘ಗೆಟ್’ ಆದ ಮೇಲೆ ‘ಟು ನೋ’ ಎಂದು ಮೂಲರೂಪವೇ ಬರಬೇಕು, ‘ಗಾಟ್ ಟು ನ್ಯೂ’ ಎನ್ನಬಾರದು. ಅದು ಒಂದು ಸಲ ಹೇಳಿದರೆ ಮುಗಿಯುವ ವಿಷಯ. ‘ಮೀಟ್’ ಎಂಬುದು ಭೇಟಿ, ಒಂದು ಗಳಿಗೆಯಲ್ಲಿ ಆಗಿಬಿಡುವುದು. ಪರಿಚಯ ಅದರ ನಂತರದ್ದು. ಸಂದರ್ಶನದ ಕೋಣೆಯಲ್ಲಿ ‘ಮೈಸೆಲ್ಫ್’ ಎಂದು ಶುರುಮಾಡುವ ಅಭ್ಯಾಸವೂ ತಿದ್ದಿಕೊಳ್ಳಬಹುದಾದದ್ದೇ. ಕ್ರಿಯಾಪದವಿಲ್ಲದೆ ‘ನಾನು ಇಂಥವನು’ ಎಂದು ಮುಗಿಸುವ ಕನ್ನಡದ ನಡೆ ಅದರ ಹಿಂದೆ ಇದೆ ಎಂದು ಮೇಜಿನ ಆಚೆ ಕುಳಿತವರು ಅರಿತರೆ ಆ ಹುಡುಗನನ್ನೋ ಹುಡುಗಿಯನ್ನೋ ಅವರು ಅಷ್ಟು ಬೇಗ ತಳ್ಳಿಹಾಕಲಾರರು.

ಇನ್ನೊಂದು ಭೇದವಿದೆ: ಯಾರಿಗೆ ಏನಾಗುತ್ತದೆ ಎಂಬುದು. ಇಂಗ್ಲಿಷಿನಲ್ಲಿ ‘ಐ’ ಕರ್ತೃ; ನಾನು ಅವರನ್ನು ತಿಳಿಯುತ್ತೇನೆ. ಕನ್ನಡದಲ್ಲಿ ‘ನನಗೆ’ ಎಂಬ ಚತುರ್ಥಿ. ಪರಿಚಯ ನನಗೆ ಆಗುತ್ತದೆ, ಹಸಿವು ಆಗುವ ಹಾಗೆ, ಸಂತೋಷ ಆಗುವ ಹಾಗೆ. ತಮಿಳು, ತೆಲುಗು, ಮಲಯಾಳಂ ಭಾಷೆಗಳಲ್ಲೂ ಈ ರಚನೆ ಇದೆ, ಹಿಂದಿಯಲ್ಲೂ ಇದೆ. ಇಂಗ್ಲಿಷಿಗೂ ಒಂದು ಕಾಲಕ್ಕೆ ಇದು ಪರಕೀಯವಾಗಿರಲಿಲ್ಲ. ‘ಮೀಥಿಂಕ್ಸ್’ ಎಂಬ ಹಳೆಯ ಪದದಲ್ಲಿ ‘ನನಗೆ ತೋರುತ್ತದೆ’ ಎಂಬ ಚತುರ್ಥಿ ಇನ್ನೂ ಕುಳಿತಿದೆ. ಆದರೆ ಕನ್ನಡ ಈ ಒಂದೇ ರಚನೆಗೆ ಸೀಮಿತವಾಗಿಲ್ಲ. ‘ಪರಿಚಯವಿದೆ’, ‘ಪರಿಚಯವಾಯಿತು’, ‘ಪರಿಚಯ ಮಾಡಿಕೊಂಡೆ’, ‘ಪರಿಚಯ ಮಾಡಿಸಿದರು’: ಇರು, ಆಗು, ಮಾಡಿಕೊಳ್ಳು, ಮಾಡಿಸು. ಸ್ಥಿತಿ, ತಾನಾಗಿ ಆದದ್ದು, ನಾನು ಮುಂದೆ ಬಂದು ಮಾಡಿಕೊಂಡದ್ದು, ಮೂರನೆಯವರು ಮಾಡಿಸಿದ್ದು. ನಾಲ್ಕಕ್ಕೂ ಇಂಗ್ಲಿಷಿನಲ್ಲಿ ದಾರಿಗಳಿವೆ: ‘ನೋ’, ‘ಗೆಟ್ ಟು ನೋ’, ‘ಮೇಕ್ ದಿ ಅಕ್ವೇಂಟೆನ್ಸ್’, ‘ಇಂಟ್ರೊಡ್ಯೂಸ್’. ಆದರೆ ಅವು ನಾಲ್ಕು ದಿಕ್ಕಿನ ಪದಗಳು. ನಮ್ಮಲ್ಲಿ ಒಂದೇ ಹೆಸರುಪದದಿಂದ ನಾಲ್ಕೂ ಹೊರಡುತ್ತವೆ. ಕಲಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕೇ?

ಇಂಗ್ಲಿಷ್ ‘ನೋ’ ಮುಂದೆ ಸಣ್ಣ ಸಣ್ಣ ಉಪಸರ್ಗಗಳನ್ನಿಟ್ಟು ಪರಿಚಯದ ಆಳವನ್ನು ಅಳೆಯುತ್ತದೆ. ‘ನೋ ಆಫ್ ಹಿಮ್’ ಎಂದರೆ ಹೆಸರು ಕೇಳಿದ್ದೇನೆ. ‘ನೋ ಅಬೌಟ್ ಹಿಮ್’ ಎಂದರೆ ಅವರ ವಿಷಯ ತಿಳಿದಿದೆ. ‘ನೋ ಹಿಮ್’ ಎಂದರೆ ಅವರೇ ಪರಿಚಯ. ನಾವು ಇದನ್ನು ಬೇರೆ ರೀತಿಯಲ್ಲಿ ಸಾಧಿಸುತ್ತೇವೆ. ರಾಜ್‌ಕುಮಾರ್ ಗೊತ್ತಾ ಎಂದು ಕೇಳಿದರೆ ಈ ಸಭೆಯಲ್ಲಿ ಎಲ್ಲರೂ ಗೊತ್ತು ಎನ್ನುತ್ತೀರಿ. ಪರಿಚಯವಿತ್ತಾ ಎಂದು ಕೇಳಿದರೆ ಒಬ್ಬಿಬ್ಬರು ಕೈ ಎತ್ತಬಹುದು. ಮಿಕ್ಕವರು ಅವರತ್ತ ತಿರುಗಿ ನೋಡುತ್ತಾರೆ. ‘ಗೊತ್ತು’ ಒಂದು ಕಡೆಯಿಂದಲೇ ನಡೆಯಬಹುದು. ‘ಪರಿಚಯ’ಕ್ಕೆ ಎರಡು ಕಡೆ ಬೇಕು. ನನಗೆ ಅವರ ಪರಿಚಯವಿದೆ ಎಂದರೆ ಅವರಿಗೂ ನನ್ನ ಪರಿಚಯವಿದೆ ಎಂಬುದು ಒಳಗೇ ಸೇರಿಕೊಂಡಿದೆ. ‘ಗೆಟ್ ಟು ನೋ’ ಕೂಡ ಇಂಥದ್ದೇ ಎರಡು ಕಡೆಯ ಕ್ರಿಯಾಪದ.

ಈ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಅವರು ವಿಷಯ ಗೊತ್ತಿರುವುದಕ್ಕೂ ನೇರ ಪರಿಚಯಕ್ಕೂ ಇರುವ ಭೇದದ ಪ್ರಶ್ನೆಯನ್ನು 14ನೆಯ ಶತಮಾನದಲ್ಲೇ ಕೈಗೆತ್ತಿಕೊಂಡಿದ್ದರು. ಶೃಂಗೇರಿಯ ಪೀಠದಲ್ಲಿದ್ದ, ವಿಜಯನಗರದ ಆರಂಭದ ದಿನಗಳೊಂದಿಗೆ ನಮ್ಮ ನೆನಪಿನಲ್ಲಿ ಬೆಸೆದುಹೋಗಿರುವ ವಿದ್ಯಾರಣ್ಯರು. ಅವರ ಹೆಸರಿನಲ್ಲಿ ಪ್ರಸಿದ್ಧವಾದ ‘ಪಂಚದಶಿ’ ಹದಿನೈದು ಪ್ರಕರಣಗಳ ಗ್ರಂಥ. ಅದರ ಏಳನೆಯ ಪ್ರಕರಣ ‘ತೃಪ್ತಿದೀಪ’ದಲ್ಲಿ ಹತ್ತನೆಯವನ ಕಥೆ ಬರುತ್ತದೆ. ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಹತ್ತು ಜನ ನದಿ ದಾಟುತ್ತಾರೆ. ಆಚೆ ದಡದಲ್ಲಿ ಎಣಿಸಿದರೆ ಒಂಬತ್ತೇ ಜನ. ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಿದ್ದಾನೆ. ಹತ್ತನೆಯವನು ನೀರಿನಲ್ಲಿ ಹೋದನೆಂದು ಅಳುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದ ನಂಬಿಕಸ್ಥನೊಬ್ಬ, ಹತ್ತನೆಯವನು ಇದ್ದಾನೆ, ಸತ್ತಿಲ್ಲ ಎನ್ನುತ್ತಾನೆ. ಆಮೇಲೆ ಎಣಿಸಿ ತೋರಿಸಿ, ಹತ್ತನೆಯವನು ನೀನೇ ಎನ್ನುತ್ತಾನೆ.

ಸಾಧಾರಣವಾಗಿ ಈ ಕಥೆಯ ಕೊನೆಯನ್ನಷ್ಟೇ ಹೇಳುತ್ತಾರೆ. ವಿದ್ಯಾರಣ್ಯರು ಅದನ್ನು ಏಳು ಹಂತಗಳಾಗಿ ಬಿಡಿಸುತ್ತಾರೆ: ಅಜ್ಞಾನ, ಆವರಣ, ವಿಕ್ಷೇಪ, ಪರೋಕ್ಷಜ್ಞಾನ, ಅಪರೋಕ್ಷಜ್ಞಾನ, ಶೋಕ ಕಳೆಯುವುದು, ತೃಪ್ತಿ. ನನ್ನ ಗಮನ ಇರುವುದು ನಡುವಿನ ಎರಡರ ಮೇಲೆ. ‘ಇದ್ದಾನೆ’ ಎಂದು ಕೇಳಿ ತಿಳಿದದ್ದು ಪರೋಕ್ಷ. ‘ನೀನೇ’ ಎಂದಾಗ ಆದದ್ದು ಅಪರೋಕ್ಷ. ಪರೋಕ್ಷವನ್ನು ಅವರು ಸುಳ್ಳೆನ್ನುವುದಿಲ್ಲ, ಕೀಳೂ ಮಾಡುವುದಿಲ್ಲ. ಹತ್ತನೆಯವನು ಇದ್ದಾನೆ ಎಂಬ ಮಾತು ನಿಜವೇ, ಅದರಿಂದ ಸಮಾಧಾನವೂ ಬರುತ್ತದೆ. ಆದರೆ ಅದು ಒಂದು ಹಂತ. ಅವರ ಲಕ್ಷ್ಯ ಆತ್ಮಜ್ಞಾನ, ನಮ್ಮದು ಇವತ್ತು ಲೌಕಿಕದ ಒಂದು ಕ್ರಿಯಾಪದ. ಎರಡನ್ನೂ ಒಂದೇ ಎನ್ನುವ ದುಡುಕು ನನಗಿಲ್ಲ. ಆದರೂ ಒಬ್ಬರ ವಿಷಯ ತಿಳಿದಿರುವುದು ಬೇರೆ, ಅವರೇ ತಿಳಿದಿರುವುದು ಬೇರೆ, ಮೊದಲನೆಯದರಿಂದ ಎರಡನೆಯದಕ್ಕೆ ದಾಟಲು ಒಂದು ಹೆಜ್ಜೆ ಇಡಲೇಬೇಕು ಎಂಬ ಎಚ್ಚರ ಅಲ್ಲಿ ಸ್ಪಷ್ಟವಾಗಿದೆ.

ಪಶ್ಚಿಮದಲ್ಲಿ ವಿಲಿಯಂ ಜೇಮ್ಸ್ 1890ರಲ್ಲಿ, ಬರ್ಟ್ರಂಡ್ ರಸೆಲ್ 1911ರಲ್ಲಿ ಇಂಥದೇ ಭೇದವನ್ನು ತತ್ತ್ವಶಾಸ್ತ್ರದ ಚರ್ಚೆಗೆ ತಂದರು. ಪರಿಚಯದಿಂದ ಬರುವ ಜ್ಞಾನ, ವಿವರಣೆಯಿಂದ ಬರುವ ಜ್ಞಾನ ಎಂದು ರಸೆಲ್ ವಿಂಗಡಿಸಿದ; ಫ್ರೆಂಚ್, ಜರ್ಮನ್ ಭಾಷೆಗಳಲ್ಲಿರುವ ಎರಡೆರಡು ಕ್ರಿಯಾಪದಗಳನ್ನೂ ಮರುವರ್ಷದ ಪುಸ್ತಕದಲ್ಲಿ ನೆನೆದ. ಆದರೆ ಅವನ ಪರಿಚಯ ಬಹಳ ಇಕ್ಕಟ್ಟಿನದು. ಕಣ್ಣಿಗೆ ಬೀಳುವ ಬಣ್ಣ, ಕಿವಿಗೆ ಬೀಳುವ ಸದ್ದು, ಇಂಥವಷ್ಟೇ ನಮಗೆ ನೇರ ಪರಿಚಯ. ಎದುರಿನ ಮನುಷ್ಯ ಕೂಡ ವಿವರಣೆಯ ಮೂಲಕವೇ ಸಿಗುವವನು. ನೆರೆಮನೆಯವರ ಪರಿಚಯ ಎನ್ನುವ ನಮ್ಮ ಮಾತಿಗೆ ಅವನ ಹಾದಿಯಲ್ಲಿ ಜಾಗ ಸಾಲದು. ಈ ವಿಷಯದಲ್ಲಿ ಬೀದಿಯ ಕನ್ನಡದ ಮೇಲೆಯೇ ನನಗೆ ನಂಬಿಕೆ ಹೆಚ್ಚು.

ಆ ನಂಬಿಕೆಗೆ ಒಂದು ದೊಡ್ಡ ನಿದರ್ಶನ ನಮ್ಮ ಊರಿನವರದೇ ಇದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ಪುಸ್ತಕಗಳಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ನಿಜವಾದ ಹೆಸರು ಕೊಡಗಹಳ್ಳಿ. ಅಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ಟಿಪ್ಪಣಿ ಮಾಡಿ, ಮುಂದೆ 18 ವರ್ಷಗಳ ಅವಧಿಯಲ್ಲಿ ಅವನ್ನು ವಿಂಗಡಿಸಿ, ಸಂಸ್ಕರಿಸಿ ಇಟ್ಟುಕೊಂಡರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲೇ ಇದ್ದವು. ಸುಟ್ಟುಹೋದವು. ಗೆಳೆಯ, ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ನೆನಪಿನಿಂದಲೇ ಬರೆಯಿರಿ ಎಂದು ಹೇಳಿದ ಮೇಲೆ ಅವರು ಬರೆದದ್ದು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಎಂದು ಹೊರಬಂತು.

ಆ ಪುಸ್ತಕವನ್ನು ನಾನು ನಮ್ಮ ಕ್ರಿಯಾಪದದ ಪುಸ್ತಕ ಎಂದೇ ಓದುತ್ತೇನೆ. ಊರಿನ ಪಟೇಲರು, ಕುಳ್ಳೇಗೌಡ, ನಾಡುಗೌಡ ಅದರಲ್ಲಿ ಜೀವಂತ ಮನುಷ್ಯರಾಗಿ ಓಡಾಡುತ್ತಾರೆ. ಅವರ ಸಿಟ್ಟು, ಜಾಣತನ, ದೊಡ್ಡತನ, ಸಣ್ಣತನ ಎಲ್ಲವೂ ಇದೆ. ಕಾಗದದ ಮೇಲಿದ್ದ ‘ವಿಷಯ ಗೊತ್ತು’ ಬೆಂಕಿಗೆ ಹೋಯಿತು. ‘ಅವರು ಪರಿಚಯ’ ಎಂಬುದಕ್ಕೆ ಬೆಂಕಿ ತಾಗಲಿಲ್ಲ. ಹೊಲ ಎಷ್ಟು, ಸಾಲ ಎಷ್ಟು ಎಂಬ ಲೆಕ್ಕ ಮರೆತಾವು. ಜೊತೆಗೆ ಕೂತು ಮಾತಾಡಿದ ಮನುಷ್ಯ ಇಪ್ಪತ್ತು ವರ್ಷದ ಮೇಲೂ ಕಣ್ಣೆದುರು ನಿಲ್ಲುತ್ತಾನೆ. ಜೇಮ್ಸ್, ರಸೆಲ್ ಹೇಳಿದ್ದನ್ನು ಮೈಸೂರಿನ ಒಬ್ಬ ವಿದ್ವಾಂಸರ ಬದುಕು, ಅವರು ಬಯಸದೆಯೇ, ಪರೀಕ್ಷೆಗೆ ಒಡ್ಡಿತು. ಪರಿಚಯವೇ ಹೆಚ್ಚು ಬಾಳುವುದು ಎಂದು ಆ ಪುಸ್ತಕ ಸಾಕ್ಷಿ ಹೇಳುತ್ತದೆ.

ಹಳ್ಳಿಯನ್ನು ಹೊಗಳಿ ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ನಮ್ಮಲ್ಲಿ ಪರಿಚಯ ಮಾಡಿಕೊಳ್ಳುವ ಪ್ರಶ್ನೆಗಳು ನಿಮಗೆಲ್ಲ ಗೊತ್ತು. ‘ತಮ್ಮದು ಯಾವೂರಾಯ್ತು?’ ‘ಯಾವ ಕಡೆಯವರು?’ ‘ತಂದೆಯವರು ಏನು ಮಾಡ್ತಾರೆ?’ ಇವುಗಳಲ್ಲಿ ಅಕ್ಕರೆ ಇದೆ, ಊರಿನ ನಂಟು ಹುಡುಕುವ ಆಸೆ ಇದೆ. ಜಾತಿಯನ್ನು ಸುತ್ತು ದಾರಿಯಲ್ಲಿ ಕೇಳುವ ಉದ್ದೇಶವೂ ಎಷ್ಟೋ ಸಲ ಇದೆ. ಬಾಡಿಗೆ ಮನೆ ಹುಡುಕುತ್ತ ಈ ಊರಿನ ಬೀದಿ ಬೀದಿ ಅಲೆದವರಲ್ಲಿ ಆ ಪ್ರಶ್ನೆ ಬಂದ ಕೂಡಲೇ ಬಾಗಿಲು ಮುಚ್ಚಿಕೊಂಡದ್ದನ್ನು ಅನುಭವಿಸಿದವರಿದ್ದಾರೆ. ಅಲ್ಲಿ ಕೇಳಿದವರಿಗೆ ಆದದ್ದು ಪರಿಚಯವಲ್ಲ. ಒಂದು ಸಂಗತಿ ಗೊತ್ತಾಯಿತು, ಪರಿಚಯದ ದಾರಿ ಅಷ್ಟಕ್ಕೇ ಕಡಿದುಹೋಯಿತು. ಕನ್ನಡ ವ್ಯಾಕರಣ ಇಷ್ಟು ಸೂಕ್ಷ್ಮವಾಗಿ ಕಾಪಾಡಿಕೊಂಡು ಬಂದ ಭೇದವನ್ನು ಕನ್ನಡದ ಸಮಾಜ ಕಾಪಾಡಲಿಲ್ಲ ಎಂಬ ನೋವನ್ನು ಈ ವೇದಿಕೆಯಲ್ಲಿ ಹೇಳದಿದ್ದರೆ ನಾನು ಈ ವಿಷಯಕ್ಕೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ಭಾಷೆಯೊಂದು ಪರಿಚಯವಾಗುವುದೂ ಮನುಷ್ಯರ ಮೂಲಕವೇ. ಚಾಮರಾಜ ಒಡೆಯರ ಆಸ್ಥಾನದಲ್ಲಿದ್ದ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು ಅಭಿನವ ಕಾಳಿದಾಸ ಎನಿಸಿಕೊಂಡರು. ಆ ನಾಟಕದ ಹೆಸರಿನಲ್ಲಿರುವ ‘ಅಭಿಜ್ಞಾನ’ವೂ ನಮ್ಮ ‘ಜ್ಞಾ’ ಕುಲದ್ದೇ. ಉಂಗುರದ ಗುರುತು ಸಿಕ್ಕಿ ದುಷ್ಯಂತನಿಗೆ ಮರೆತ ಹೆಂಡತಿ ನೆನಪಾಗುವ ಕಥೆ. ಅದೇ ಶಾಸ್ತ್ರಿಗಳು ಷೇಕ್ಸ್‌ಪಿಯರನ ಒಥೆಲೊವನ್ನು ‘ಶೂರಸೇನ ಚರಿತೆ’ಯಾಗಿ ಕನ್ನಡಿಸಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವಿನಿಂದ ಷೇಕ್ಸ್‌ಪಿಯರ್ ಅವರಿಗೆ ಪರಿಚಯವಾದ. ಪದಕೋಶದಿಂದ ಆದ ಪರಿಚಯವಲ್ಲ ಅದು, ಎದುರಿಗೆ ಕುಳಿತ ಸ್ನೇಹಿತನ ಬಾಯಿಂದ ಆದದ್ದು.

ಪದಕೋಶಗಳ ಋಣ ಸಣ್ಣದೇನಲ್ಲ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಅವರ ಇಂಗ್ಲಿಷ್ ಕನ್ನಡ ಕೋಶ 1824ರದು. ಕಿಟ್ಟೆಲ್ ಅವರ ಕನ್ನಡ ಇಂಗ್ಲಿಷ್ ಕೋಶ 1894ರದು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಕನ್ನಡ ನಿಘಂಟು 1946ರದು. ಕಿಟ್ಟೆಲ್ ತಮ್ಮ ಕೋಶದಲ್ಲಿ ಗಾದೆಗಳನ್ನು ಸೇರಿಸಿದರು, ಬಳಕೆಯನ್ನು ತೋರಿಸಿದರು. ಪದ ಒಂಟಿಯಾಗಿ ಬದುಕುವುದಿಲ್ಲವೆಂದು ಅವರಿಗೆ ತಿಳಿದಿತ್ತು. ಶಾಲೆಯ ನೋಟ್‌ಬುಕ್ಕಿನಲ್ಲಿ ಮಧ್ಯೆ ಗೆರೆ ಎಳೆದು ಎಡಕ್ಕೊಂದು ಬಲಕ್ಕೊಂದು ಬರೆಸುವ ಪದ್ಧತಿ ಆ ದೊಡ್ಡವರು ಹಾಕಿಕೊಟ್ಟದ್ದಲ್ಲ. ಈ ಬಡಾವಣೆಯ ಅಂಚಿನ ‘ಸೂಯೇಜ್ ಫಾರಂ’ ಎಂಬ ಹೆಸರನ್ನು ಇಲ್ಲಿ ಯಾರೂ ಗೆರೆಯ ಎಡಬಲಕ್ಕೆ ಬರೆದು ಕಲಿತಿಲ್ಲ. ಅದರ ನಾತ ಹೊತ್ತು ಗಾಳಿ ಬೀಸಿದಾಗಲೆಲ್ಲ, ಅದರ ಬಗ್ಗೆ ಮನವಿ ಕೊಡಲು ಹೋದಾಗಲೆಲ್ಲ ಆ ಪದ ಪರಿಚಯವಾಯಿತು. ಓದು ಬಾರದ ಅಜ್ಜಿಯೂ ಅದನ್ನು ಸರಿಯಾದ ಜಾಗದಲ್ಲಿ ಬಳಸುತ್ತಾರೆ.

ಈಗ ಮೈಸೂರಿಗೆ ಹೊಸಬರು ಬರುತ್ತಲೇ ಇದ್ದಾರೆ. ಹೆಬ್ಬಾಳಿನ ಇನ್ಫೋಸಿಸ್ ಕ್ಯಾಂಪಸ್ಸಿಗೆ ದೇಶದ ಎಲ್ಲ ಕಡೆಯಿಂದ ತರಬೇತಿಗೆ ಹುಡುಗರು ಬರುತ್ತಾರೆ. 1969ರಲ್ಲಿ ಸ್ಥಾಪನೆಯಾದ, ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನಕ್ಕೆ ಬೇರೆ ರಾಜ್ಯಗಳ ಶಿಕ್ಷಕರು ದಕ್ಷಿಣದ ಭಾಷೆ ಕಲಿಯಲು ಬರುತ್ತಾರೆ. ಅವರು ನಮಗೆ, ನಾವು ಅವರಿಗೆ ಪರಿಚಯವಾಗುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ. ಆದ್ದರಿಂದ ಈ ಕ್ರಿಯಾಪದ ನಮ್ಮ ಮಕ್ಕಳಿಗೆ ಪರೀಕ್ಷೆಯ ಅಂಕಕ್ಕಿಂತ ಹೆಚ್ಚಾಗಿ ನೆರೆಹೊರೆಗೆ ಬೇಕಾದದ್ದು.

ಇಲ್ಲಿರುವ ಶಿಕ್ಷಕರಲ್ಲಿ ನನ್ನ ಕೋರಿಕೆ ಒಂದೇ. ‘ನೋ’ ಪಾಠ ಬಂದ ದಿನ ಇಂಗ್ಲಿಷ್ ಪುಸ್ತಕ ಸ್ವಲ್ಪ ಹೊತ್ತು ಮುಚ್ಚಿಡಿ. ತರಗತಿಯ ಒಬ್ಬೊಬ್ಬರೂ ತಮ್ಮ ಪಕ್ಕದವರ ಬಗ್ಗೆ ಕನ್ನಡದಲ್ಲಿ ಎರಡು ವಾಕ್ಯ ಹೇಳಲಿ, ಒಂದರಲ್ಲಿ ‘ಗೊತ್ತಾಯಿತು’, ಇನ್ನೊಂದರಲ್ಲಿ ‘ಪರಿಚಯವಾಯಿತು’ ಬರುವ ಹಾಗೆ. ಯಾವ ಮಗುವೂ ಅದಲು ಬದಲು ಮಾಡುವುದಿಲ್ಲ. ಆ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು, ಮೊದಲನೆಯದರ ಕೆಳಗೆ ‘ಫೌಂಡ್ ಔಟ್’, ಎರಡನೆಯದರ ಕೆಳಗೆ ‘ಗಾಟ್ ಟು ನೋ’ ಎಂದು ಬರೆಯಿರಿ. ನಂತರ ಕುರ್ಚಿಗಳನ್ನು ಬದಲಿಸಿ, ಇದುವರೆಗೆ ಒಬ್ಬರನ್ನೊಬ್ಬರು ಮಾತಾಡಿಸದ ಮಕ್ಕಳನ್ನು ಜೋಡಿಯಾಗಿ ಕೂರಿಸಿ, ಇಂಗ್ಲಿಷಿನಲ್ಲಿ ಮಾತಾಡಲು ಬಿಡಿ. ಒಂದು ವಾರ ಹಾಗೇ ಕೂರಲಿ. ಮುಂದಿನ ಸೋಮವಾರ ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿ.